ಜಯನಗರ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಬಂದ ನೆಂಟರು, ಹೊಸದಾಗಿ ಬಾಡಿಗೆಗೆ ಬಂದವರು, ಪತ್ರ ಬರೆದವರು, ಪಾರ್ಕಿನ ಕಲ್ಲುಬೆಂಚಲ್ಲಿ ಪಕ್ಕ ಕೂತವರು ಕೇಳಿದ ಪ್ರಶ್ನೆಗಳು ಇವು. ಸುಲಭದವು ಮೊದಲು ಇವೆ, ತಕರಾರಿನವು ಕೊನೆಗೆ.

## ಮೊದಲ ಸಲ ಬರುವವರಿಗೆ

ಜಯನಗರ ಹಳೇ ಬೆಂಗಳೂರಾ, ಹೊಸ ಬೆಂಗಳೂರಾ?

ಎರಡರ ನಡುವಿನದು. ಬಸವನಗುಡಿ, ಮಲ್ಲೇಶ್ವರ ಹುಟ್ಟಿದ್ದು ಪ್ಲೇಗಿನ ಭಯದಿಂದ, 1898ರ ಹೊತ್ತಿಗೆ. ಜಯನಗರ ಹುಟ್ಟಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, ಜನ ಜಾಸ್ತಿಯಾಗಿದ್ದರಿಂದ. 1941ರಲ್ಲಿ ಬೆಂಗಳೂರಿನ ಜನಸಂಖ್ಯೆ ನಾಲ್ಕು ಲಕ್ಷ ಚಿಲ್ಲರೆ. 1951ರ ಜನಗಣತಿ ಹೊತ್ತಿಗೆ ಅದು ಏಳೂಮುಕ್ಕಾಲು ಲಕ್ಷ. ಯುದ್ಧದ ಕಾಲದಲ್ಲಿ ಕೆಲಸಕ್ಕೆ ಬಂದವರು ವಾಪಸ್ ಹೋಗಲಿಲ್ಲ, ಹೊಸ ಕಾರ್ಖಾನೆ ಮತ್ತು ಕಚೇರಿಗಳಿಗೆ ಇನ್ನಷ್ಟು ಜನ ಬಂದರು. ಮನೆ ಎಲ್ಲಿಂದ ತರೋದು?

ಅದಕ್ಕೆ ಮೈಸೂರು ಸರ್ಕಾರ 1945ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಮಾಡಿತ್ತು. ಹಳಬರ ಬಾಯಲ್ಲಿ ಅದು ಸಿಐಟಿಬಿ. ಆ ಮಂಡಳಿಯ ದೊಡ್ಡ ಕೆಲಸವೇ ಜಯನಗರ. 1948ರಲ್ಲಿ ಗವರ್ನರ್ ಜನರಲ್ ಆಗಿದ್ದ ರಾಜಾಜಿ ಬಂದು ಶಂಕುಸ್ಥಾಪನೆ ಮಾಡಿದರು. ಆ ಜಾಗದಲ್ಲೇ ಈಗಲೂ ಅಶೋಕ ಪಿಲ್ಲರ್ ನಿಂತಿದೆ. ನಾಲ್ಕು ಸಿಂಹಗಳ ಆ ಕಂಬದ ಸುತ್ತ ದಿನಾ ಟ್ರಾಫಿಕ್ಕಲ್ಲಿ ಸುತ್ತು ಹಾಕುವವರಲ್ಲಿ ಎಷ್ಟೋ ಜನರಿಗೆ ಅದು ಬಡಾವಣೆಯ ಹುಟ್ಟುಗಲ್ಲು ಅಂತ ಗೊತ್ತಿಲ್ಲ.

ಮೇನು, ಕ್ರಾಸು, ಬ್ಲಾಕು ಎಲ್ಲಾ ಸೇರಿ ತಲೆ ಕೆಡುತ್ತೆ. ಅಡ್ರೆಸ್ ಹುಡುಕೋದು ಹೇಗೆ?

ಒಂದು ಸೂತ್ರ ಹಿಡ್ಕೊಳ್ಳಿ. ಮೇನ್ ರಸ್ತೆಗಳು ಹೆಚ್ಚು ಕಮ್ಮಿ ಉತ್ತರದಿಂದ ದಕ್ಷಿಣಕ್ಕೆ, ಕ್ರಾಸ್‌ಗಳು ಪೂರ್ವದಿಂದ ಪಶ್ಚಿಮಕ್ಕೆ. ದಕ್ಷಿಣಕ್ಕೆ ಹೋದಂತೆ ಕ್ರಾಸಿನ ನಂಬರ್ ಏರುತ್ತೆ. 27ನೇ ಕ್ರಾಸ್ ಬಂದರೆ ನಾಲ್ಕನೇ ಬ್ಲಾಕ್ ಶುರುವಾಯಿತು ಅಂತ ತಿಳ್ಕೊಳ್ಳಿ. ನಲವತ್ತರ ಮೇಲಿನ ನಂಬರ್ ಕಂಡರೆ ನೀವು ಐದು, ಎಂಟನೇ ಬ್ಲಾಕಿನ ಕಡೆ ಇದ್ದೀರಿ.

ಆದರೆ ಬ್ಲಾಕುಗಳು ಸಾಲಾಗಿ ಕೂತಿಲ್ಲ. ಒಂದನೆಯದರ ಪಕ್ಕ ಎರಡು ಸರಿ, ಎಂಟರ ಪಕ್ಕ ಒಂಬತ್ತು ಇದ್ದೇ ಇರುತ್ತೆ ಅಂತ ನಂಬಿ ಹೊರಟರೆ ಸುತ್ತಬೇಕಾಗುತ್ತೆ. ಒಂಬತ್ತನೆಯದು ಬನ್ನೇರುಘಟ್ಟ ರಸ್ತೆ ಕಡೆ, ಏಳನೆಯದು ಕನಕಪುರ ರಸ್ತೆ ಕಡೆ. ಅದರ ಮೇಲೆ ಮೂರನೇ ಬ್ಲಾಕ್ ಪೂರ್ವ, ಒಂಬತ್ತನೇ ಬ್ಲಾಕ್ ಪೂರ್ವ ಅಂತ ಬಾಲಗಳಿವೆ. ಕ್ರಾಸಿಗೆ ಎ, ಬಿ, ಸಿ, ಡಿ, ಇ ಅಂತ ಮರಿಗಳೂ ಇವೆ. 32ನೇ 'ಇ' ಕ್ರಾಸ್ ಅಂತ ಬರೆದಿದ್ದರೆ ಆ 'ಇ' ಬಿಡಬೇಡಿ, ಬಿಟ್ಟರೆ ಬೇರೆಯವರ ಮನೆ ಬಾಗಿಲು ತಟ್ಟುತ್ತೀರಿ.

ಆಟೋದವರಿಗೆ ಮಾತ್ರ ನಂಬರ್ ಹೇಳಬೇಡಿ. ಸೌತ್ ಎಂಡ್, ಸಂಗಂ ಸರ್ಕಲ್, ಕೂಲ್ ಜಾಯಿಂಟ್, ರಾಯರ ಮಠ, ಕಾರ್ಮೆಲ್ ಕಾನ್ವೆಂಟ್ ಅಂದರೆ ಸಾಕು.

ನಾಲ್ಕನೇ 'ಟಿ' ಬ್ಲಾಕ್ ಅಂದ್ರೆ ಏನ್ರೀ?

ಟಿ ಅಂದರೆ ತಿಲಕನಗರ. ಅದು ನಾಲ್ಕನೇ ಬ್ಲಾಕಿನ ಪೂರ್ವಕ್ಕಿದೆ. ಜಯನಗರ ಜನರಲ್ ಆಸ್ಪತ್ರೆ ಇರುವುದು ಅಲ್ಲೇ.

"ಫೋರ್ತ್ ಬ್ಲಾಕ್‌ಗೆ ಹೋಗಿ ಬರ್ತೀನಿ" ಅಂತ ಎಲ್ಲರೂ ಅಂತಾರಲ್ಲ, ಅಲ್ಲಿ ಅಂಥದ್ದೇನಿದೆ?

ಎಲ್ಲಾ ಇದೆ. ನಡುಮಧ್ಯೆ ಶಾಪಿಂಗ್ ಕಾಂಪ್ಲೆಕ್ಸ್. ಅದರೊಳಗೆ ತರಕಾರಿ, ಹಣ್ಣು, ಹೂವು, ಪಾತ್ರೆ, ಬಟ್ಟೆ ಒಂದು ಕಡೆ. ಇನ್ನೊಂದು ಕಡೆ ಸರ್ಕಾರಿ ಕಚೇರಿಗಳು. ಕೆಎ 05 ನಂಬರ್ ಪ್ಲೇಟ್ ಕೊಡುವ ಆರ್‌ಟಿಓ ಕಚೇರಿಯೂ ಇಲ್ಲಿನದೇ. ಅಂದರೆ ಡ್ರೈವಿಂಗ್ ಲೈಸೆನ್ಸಿಗೆ ಬಂದವರು ಸೊಪ್ಪು ಕೊಂಡು, ಕಾಫಿ ಕುಡಿದು, ಬಸ್ ಹತ್ತಿ ಮನೆಗೆ ಹೋಗಬಹುದು. ಎಲ್ಲಾ ಹತ್ತು ನಿಮಿಷದ ನಡಿಗೆಯಲ್ಲಿ.

ಜಯನಗರ ಅಂದರೆ ಏನು ಅಂತ ನನ್ನನ್ನು ಕೇಳಿದರೆ ನಾನು ಹೇಳುವುದು ಇದನ್ನೇ: ಕಾಲ್ನಡಿಗೆಯ ದೂರದಲ್ಲಿ ಬದುಕು ಸಿಗುವ ಬಡಾವಣೆ. ಪ್ಲಾನ್ ಹಾಕಿದವರ ಕಾಲದಲ್ಲಿ ಮನೆಮನೆಗೆ ಕಾರಿರಲಿಲ್ಲ, ಸೈಕಲ್ ಇದ್ದರೆ ದೊಡ್ಡದು. ಹಾಗಾಗಿ ಬ್ಲಾಕಿಗೊಂದು ಪಾರ್ಕು, ಶಾಲೆ, ಅಂಗಡಿ ಸಾಲು ಹತ್ತಿರದಲ್ಲೇ ಇರಬೇಕಾಯಿತು. ಇಲ್ಲಿನ ಜನ ಇಷ್ಟೊಂದು ಹರಟೆ ಹೊಡೆಯುವುದಕ್ಕೂ ಅದೇ ಕಾರಣ. ನಡೆಯುವವರು ನಿಂತು ಮಾತಾಡುತ್ತಾರೆ. ಕಾರಲ್ಲಿ ಹೋಗುವವರು ಹಾರ್ನ್ ಹೊಡೆಯುತ್ತಾರೆ.

ಮೆಟ್ರೋದಲ್ಲಿ ಬಂದರೆ ಎಲ್ಲಿ ಇಳಿಯಬೇಕು?

ಹಸಿರು ಮಾರ್ಗದಲ್ಲಿ ಮೂರು ನಿಲ್ದಾಣ. ಎರಡು, ಮೂರನೇ ಬ್ಲಾಕಿಗೆ ಸೌತ್ ಎಂಡ್ ಸರ್ಕಲ್. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ಜಯನಗರ ನಿಲ್ದಾಣ, ಅಲ್ಲಿಂದ ಹತ್ತು ಹದಿನೈದು ನಿಮಿಷ ಪೂರ್ವಕ್ಕೆ ನಡೆಯಬೇಕು. ಐದನೇ ಬ್ಲಾಕಿನ ಕಡೆಗೆ ಆರ್.ವಿ. ರೋಡ್. ಈ ಭಾಗ ಓಡಲು ಶುರುವಾಗಿದ್ದು 2017ರ ಜೂನ್‌ನಲ್ಲಿ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗವೂ ಬಂತು. ಅದು ಆರ್.ವಿ. ರೋಡಿಂದ ಹೊರಟು ರಾಗಿಗುಡ್ಡ, ಜಯದೇವ ಆಸ್ಪತ್ರೆ ದಾಟಿ ಬೊಮ್ಮಸಂದ್ರಕ್ಕೆ ಹೋಗುತ್ತೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರು ಈಗ ಇಲ್ಲಿ ಮನೆ ಹುಡುಕುತ್ತಿರುವುದು ಸುಮ್ನೆ ಅಲ್ಲ.

## ತಿಂಡಿ, ಕಾಫಿ, ಹಬ್ಬದ ಸಂತೆ

ದರ್ಶಿನಿ ಹೋಟೆಲ್ ಹುಟ್ಟಿದ್ದು ಜಯನಗರದಲ್ಲೇ ಅಂತಾರೆ, ನಿಜವಾ?

ನಿಜ. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ತೆರೆದ ಕೆಫೆ ದರ್ಶಿನಿಯೇ ಈ ಬಗೆಯ ಹೋಟೆಲುಗಳಿಗೆ ಮೊದಲು. ಈಗ ಊರೂರಲ್ಲಿ 'ದರ್ಶಿನಿ' ಅನ್ನೋದು ಒಂದು ಜಾತಿ ಹೋಟೆಲಿಗೇ ಹೆಸರಾಗಿದೆ.

ಅದರಲ್ಲಿ ಹೊಸದೇನಿತ್ತು ಅಂತ ಈಗಿನ ಹುಡುಗರು ಕೇಳುತ್ತಾರೆ. ಅವರು ಅದನ್ನೇ ನೋಡಿಕೊಂಡು ಬೆಳೆದವರು, ಪಾಪ. ಅದಕ್ಕೂ ಮುಂಚೆ ಹೋಟೆಲ್ ಅಂದರೆ ಒಳಗೆ ಹೋಗಿ ಕೂರಬೇಕು. ಸಪ್ಲೈಯರ್ ಬಂದು ನೀರಿಟ್ಟು, ಏನೇನಿದೆ ಅಂತ ಒಂದೇ ಉಸಿರಲ್ಲಿ ಒಪ್ಪಿಸಬೇಕು, ಆಮೇಲೆ ಬಿಲ್ಲು, ಟಿಪ್ಸು. ದರ್ಶಿನಿಯಲ್ಲಿ ಕುರ್ಚಿಯೇ ಇಲ್ಲ. ಕ್ಯಾಶ್ ಕೌಂಟರಲ್ಲಿ ದುಡ್ಡು ಕೊಟ್ಟು ಚೀಟಿ ತಗೊಳ್ಳಿ, ಆ ಚೀಟಿಯನ್ನು ತಿಂಡಿ ಕೌಂಟರಿಗೆ ಕೊಡಿ, ಎದೆ ಎತ್ತರದ ಟೇಬಲ್ ಹತ್ತಿರ ನಿಂತು ತಿನ್ನಿ, ಹೊರಡಿ. ಅಡುಗೆಮನೆ ಕಣ್ಣೆದುರೇ ಇರುತ್ತೆ. ದೋಸೆ ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ, ಹಿಟ್ಟು ಹುಯ್ಯುವುದನ್ನು ನೋಡುತ್ತಾ ನಿಲ್ಲಬಹುದು.

ಲೆಕ್ಕ ಬಹಳ ಸರಳ. ಕೂರುವ ಜಾಗ ಬೇಡ ಅಂದರೆ ಚಿಕ್ಕ ಅಂಗಡಿ ಸಾಕು, ಬಾಡಿಗೆ ಕಮ್ಮಿ. ಸಪ್ಲೈಯರ್ ಬೇಡ ಅಂದರೆ ಸಂಬಳ ಕಮ್ಮಿ. ಗಿರಾಕಿ ಹತ್ತು ನಿಮಿಷಕ್ಕೆ ಜಾಗ ಖಾಲಿ ಮಾಡಿದರೆ ಅಷ್ಟೇ ಜಾಗದಲ್ಲಿ ನಾಲ್ಕು ಪಟ್ಟು ವ್ಯಾಪಾರ. ಅದಕ್ಕೇ ರೇಟೂ ಕಮ್ಮಿ. ಇನ್ನೊಂದು ಲಾಭವನ್ನು ಯಾರೂ ಅಷ್ಟು ಹೇಳುವುದಿಲ್ಲ. ಒಬ್ಬಳೇ ಹೆಂಗಸು ಕೆಲಸಕ್ಕೆ ಹೋಗುವ ದಾರಿಯಲ್ಲಿ ನಿಂತು ಕಾಫಿ ಕುಡಿದು ಹೋಗುವುದು ಇಂಥ ಜಾಗಗಳಲ್ಲಿ ಸಲೀಸಾಯಿತು. ಹಳೇ ಹೋಟೆಲಿನ 'ಫ್ಯಾಮಿಲಿ ರೂಮ್' ಪರದೆ ಹಿಂದೆ ಕೂರುವ ಕಷ್ಟ ತಪ್ಪಿತು.

ಕೌಂಟರಲ್ಲಿ "ಡಿಪ್ಪಾ, ಸಪ್ರೇಟಾ?" ಅಂತ ಕೇಳಿದರೆ ಗಾಬರಿಯಾಗಬೇಡಿ. ಇಡ್ಲಿ ಮೇಲೆ ಸಾಂಬಾರ್ ಸುರಿಯಲಾ, ಬೇರೆ ಬಟ್ಟಲಲ್ಲಿ ಕೊಡಲಾ ಅಂತ ಅರ್ಥ. ಉತ್ತರ ತಕ್ಷಣ ಬರಬೇಕು, ಹಿಂದೆ ಕ್ಯೂ ಇರುತ್ತೆ.

ಒಳ್ಳೇ ತಿಂಡಿಗೆ ಎಲ್ಲಿ ಹೋಗಲಿ? ಒಂದೇ ಹೆಸರು ಹೇಳಿ.

ಒಂದೇ ಹೆಸರು ಹೇಳಿದರೆ ಇಲ್ಲಿ ಜಗಳ ಆಗುತ್ತೆ. ನಿಂತು ತಿನ್ನುವವರು ಮೂರನೇ ಬ್ಲಾಕಿನ ಗಣೇಶ ದರ್ಶನ್ ಅಂತಾರೆ. ನಾಲ್ಕನೇ ಬ್ಲಾಕಿನ ತಾಜಾ ತಿಂಡಿಗೆ ಅದರದ್ದೇ ಭಕ್ತರಿದ್ದಾರೆ. ಕೂತು, ನಿಧಾನವಾಗಿ, ಬೆಳ್ಳಿ ಲೋಟದಂಥ ಮರ್ಯಾದೆ ಬೇಕು ಅನ್ನುವವರು ನಾಲ್ಕನೇ ಬ್ಲಾಕಿನ ಮಯ್ಯಾಸ್‌ಗೆ ಹೋಗುತ್ತಾರೆ. ಎಂಟಿಆರ್ ಫುಡ್ಸ್ ಕಂಪನಿಯನ್ನು ಮಾರಿದ ಮೇಲೆ ಸದಾನಂದ ಮಯ್ಯ ಅವರು ಕಟ್ಟಿದ್ದು ಅದು. ನನ್ನನ್ನು ಕೇಳಿದರೆ, ಮನೆಯಿಂದ ನಡೆದು ಹೋಗುವ ದೂರದಲ್ಲಿ ಯಾವುದಿದೆಯೋ ಅದೇ ಒಳ್ಳೇದು. ಕಾರು ತಂದು ಪಾರ್ಕಿಂಗ್ ಹುಡುಕಿ ತಿನ್ನುವ ಇಡ್ಲಿ ಅಷ್ಟರಲ್ಲಿ ಹೊಟ್ಟೆ ಉರಿಗೆ ಕರಗಿ ಹೋಗಿರುತ್ತೆ.

ನಾನ್‌ವೆಜ್ ಸಿಗೋದೇ ಇಲ್ವಾ?

ತಿಲಕನಗರಕ್ಕೆ ಹೋಗಿ. ಫೋರ್ತ್ ಬ್ಲಾಕಿಂದ ನಡೆದೇ ಹೋಗಬಹುದು. ಬಿರಿಯಾನಿ, ಕಬಾಬು, ಬೆಳಗಿನ ಹೊತ್ತು ಕಾಲು ಸೂಪು. ರಂಜಾನ್ ತಿಂಗಳಲ್ಲಿ ಸಂಜೆ ಆರರ ನಂತರ ರಸ್ತೆಯ ಎರಡೂ ಬದಿ ಸಮೋಸ, ಹಲೀಮು, ಹಣ್ಣಿನ ತಟ್ಟೆಗಳು. ಜಯನಗರದ ತಿಂಡಿ ಬಗ್ಗೆ ಬರೆಯುವವರು ಮಸಾಲೆ ದೋಸೆಯಲ್ಲೇ ನಿಂತುಬಿಡುತ್ತಾರೆ. ಅರ್ಧ ಊರು ಬಿಟ್ಟುಹೋಗುತ್ತೆ.

ಹಬ್ಬದ ಹಿಂದಿನ ದಿನ ಮಾರ್ಕೆಟ್‌ಗೆ ಬರಬಹುದಾ?

ಬರಬಹುದು, ಕಾರು ತರಬೇಡಿ. ವರಮಹಾಲಕ್ಷ್ಮಿ ಹಬ್ಬದ ಮುನ್ನಾ ದಿನ ಕಾಂಪ್ಲೆಕ್ಸಿನ ಸುತ್ತ ಕಾಲಿಡಲು ಜಾಗ ಇರಲ್ಲ. ಬಾಳೆಕಂದು, ಮಾವಿನ ಸೊಪ್ಪು, ತಾವರೆ ಮೊಗ್ಗು, ಕೇದಗೆ. ಮೊಳದ ಲೆಕ್ಕದ ಹೂವಿನ ರೇಟು ಬೆಳಿಗ್ಗೆ ಒಂದು, ಸಂಜೆ ಒಂದು. ಕನಕಾಂಬರದ ರೇಟು ಕೇಳಿ ಹೆಂಗಸರು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ, ಮಾರುವವಳು "ಬನ್ನಿ ಅಕ್ಕಾ, ಎಷ್ಟು ಕೊಡ್ತೀರ ಹೇಳಿ" ಅನ್ನುತ್ತಾಳೆ, ಇವರು ತಿರುಗಿ ಬರುತ್ತಾರೆ. ಅವಳ ಮೊಳ ಅವಳ ಮೊಣಕೈಗೆ ತಕ್ಕ ಹಾಗೆ. ಹಾಗಾಗಿ ಉದ್ದ ತೋಳಿನವಳ ಹತ್ತಿರ ಕೊಳ್ಳಿ ಅಂತ ಹಿರಿಯರು ಹೇಳಿಕೊಡುತ್ತಾರೆ.

ಗೌರಿ ಹಬ್ಬಕ್ಕೆ ಬಾಗಿನದ ಮೊರ, ಮಣ್ಣಿನ ಗಣಪ. ಸಂಕ್ರಾಂತಿಗೆ ಕಬ್ಬಿನ ಜಲ್ಲೆ, ಸಕ್ಕರೆ ಅಚ್ಚು, ಹದ ಮಾಡಿದ ಎಳ್ಳುಬೆಲ್ಲ. ಮನೆಯಲ್ಲಿ ಕೊಬ್ಬರಿ ಹೆಚ್ಚಿ ಬಿಸಿಲಿಗಿಡುವ ತಾಳ್ಮೆ ಈಗ ಕಮ್ಮಿ, ಕೇಜಿ ಲೆಕ್ಕದಲ್ಲಿ ಸಿಗುತ್ತಲ್ಲ. ಒಂದು ಬುದ್ಧಿಮಾತು: ಹಬ್ಬದ ಎರಡು ದಿನ ಮುಂಚೆ ಬೆಳಿಗ್ಗೆ ಏಳಕ್ಕೆ ಬಂದುಬಿಡಿ. ಹೂವು ಬಿಟ್ಟು ಉಳಿದದ್ದೆಲ್ಲ ಆಗಲೇ ಸಿಗುತ್ತೆ.

## ಗುಡಿ, ಸಂಗೀತ, ಸಿನಿಮಾ

ರಾಗಿಗುಡ್ಡಕ್ಕೆ ಆ ಹೆಸರು ಹೇಗೆ ಬಂತು?

ಸ್ಥಳಪುರಾಣ ಹೀಗಿದೆ. ಇಲ್ಲಿನ ಪಾಳೇಗಾರನ ಮನೆಯಲ್ಲಿ ಸುಧರ್ಮೆ ಅನ್ನುವ ಸೊಸೆ ಇದ್ದಳು. ಒಳ್ಳೇ ಬೆಳೆ ಬಂದು ರಾಗಿ ರಾಶಿ ಬಿದ್ದಿತ್ತು. ಮೂವರು ದಾಸಯ್ಯಗಳು ಭಿಕ್ಷೆಗೆ ಬಂದರು. ಸೊಸೆ ರಾಗಿ ಕೊಟ್ಟಳು, ಅತ್ತೆ ತಡೆದಳು. ಮಾತಿಗೆ ಮಾತು ಬೆಳೆದು ರಾಶಿಯೇ ಕಲ್ಲುಗುಡ್ಡ ಆಯಿತು. ಬಂದಿದ್ದವರು ತ್ರಿಮೂರ್ತಿಗಳು. ಅತ್ತೆ ಸೊಸೆ ಜಗಳದಿಂದ ಒಂದು ಗುಡ್ಡವೇ ಎದ್ದಿತು ಅನ್ನೋದು ನಮ್ಮ ಕಡೆಯ ಕಥೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು.

ಗುಡ್ಡ ಹಳೇದು, ಆಂಜನೇಯನ ಗುಡಿ ಅಲ್ಲ. 1969ರ ಸುಮಾರಿಗೆ ಬಡಾವಣೆಯ ಯುವಕರೇ ಸೇರಿ ಶುರು ಮಾಡಿದ್ದು. ಡಿಸೆಂಬರ್ ಹೊತ್ತಿಗೆ ಹನುಮಜ್ಜಯಂತಿ ಉತ್ಸವ. ಹತ್ತಾರು ದಿನ ಸಂಗೀತ ಕಛೇರಿ ಇರುತ್ತೆ. ಗುರುವಾರ ರಶ್ ನೋಡಬೇಕಾದರೆ ಮಾತ್ರ ಐದನೇ ಬ್ಲಾಕಿನ ರಾಯರ ಮಠಕ್ಕೆ ಹೋಗಿ. ಶ್ರಾವಣದಲ್ಲಿ ಮೂರು ದಿನದ ಆರಾಧನೆ ಬಂದರೆ ಸುತ್ತಲಿನ ಕ್ರಾಸುಗಳೆಲ್ಲ ಚಪ್ಪಲಿ ಮಯ.

ಸಂಗೀತ, ಭಾಷಣ, ನಾಟಕ ಎಲ್ಲಿ ನಡೆಯುತ್ತೆ? ಟಿಕೆಟ್ ಎಷ್ಟು?

ಹೆಚ್ಚಿನವಕ್ಕೆ ಟಿಕೆಟ್ಟೇ ಇಲ್ಲ. ಎಂಟನೇ ಬ್ಲಾಕಿನ ಜೆಎಸ್ಎಸ್ ಸಭಾಂಗಣ, ನಾಲ್ಕನೇ ಬ್ಲಾಕಿನ ಯುವಪಥದ ವಿವೇಕ ಸಭಾಂಗಣ, ಏಳನೇ ಬ್ಲಾಕಿನ ಡಾ. ಎಚ್.ಎನ್. ಕಲಾಕ್ಷೇತ್ರ. ವಾರದ ಕೊನೆಯಲ್ಲಿ ಒಂದಲ್ಲ ಒಂದು ಕಡೆ ಕರ್ನಾಟಕ ಸಂಗೀತ, ಭರತನಾಟ್ಯದ ರಂಗಪ್ರವೇಶ, ಪುಸ್ತಕ ಬಿಡುಗಡೆ ಇದ್ದೇ ಇರುತ್ತೆ. ಪುಸ್ತಕ ಬಿಡುಗಡೆಗೆ ಹತ್ತು ನಿಮಿಷ ಮುಂಚೆ ಹೋದರೆ ಉಪ್ಪಿಟ್ಟು ಕೇಸರಿಬಾತೂ ಸಿಗುತ್ತೆ, ಇದನ್ನು ಬರೆಯಬಾರದಿತ್ತೇನೋ. ನಾಟಕಕ್ಕೆ ಪಕ್ಕದ ಜೆ.ಪಿ. ನಗರದ ರಂಗಶಂಕರ ಇದೆ. 2004ರಲ್ಲಿ ಶುರುವಾಗಿದ್ದು. ಅಲ್ಲಿ ಟಿಕೆಟ್ ಉಂಟು, ತಡವಾಗಿ ಬಂದರೆ ಒಳಗೆ ಬಿಡಲ್ಲ.

ಕಲಾಕ್ಷೇತ್ರದ ಹೆಸರಲ್ಲಿರುವ ಎಚ್.ಎನ್. ಅಂದರೆ ಎಚ್. ನರಸಿಂಹಯ್ಯನವರು. ಭೌತಶಾಸ್ತ್ರದ ಮೇಷ್ಟ್ರು, ಗಾಂಧಿವಾದಿ, ನ್ಯಾಷನಲ್ ಕಾಲೇಜಿನ ಕೋಣೆಯೊಂದರಲ್ಲೇ ಬದುಕಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿ ದೇಶದ ಗಮನ ಸೆಳೆದರು. ಜಯನಗರದ ನ್ಯಾಷನಲ್ ಕಾಲೇಜು ಶುರುವಾಗಿದ್ದು 1965ರಲ್ಲಿ. ಗುರುವಾರ ರಾಯರ ಮಠದಲ್ಲಿ ಪ್ರದಕ್ಷಿಣೆ, ಭಾನುವಾರ "ಪ್ರಶ್ನಿಸದೆ ಒಪ್ಪಬೇಡಿ" ಅಂದವರ ಹೆಸರಿನ ಸಭಾಂಗಣದಲ್ಲಿ ಉಪನ್ಯಾಸ. ಇಲ್ಲಿನವರು ಎರಡನ್ನೂ ಯಾವ ಮುಜುಗರವಿಲ್ಲದೆ ಮಾಡುತ್ತಾರೆ.

ನಂದಾ ಥಿಯೇಟರ್ ಏನಾಯ್ತು?

ಹೋಯಿತು. ತಿಲಕನಗರದ ಸ್ವಾಗತ್ ಇದ್ದ ಕಡೆ ಮಾಲ್ ಬಂತು. ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿನೊಳಗಿದ್ದ ಪುಟ್ಟಣ್ಣ ಚಿತ್ರಮಂದಿರವನ್ನೂ ಕೆಡವಿದರು. ನಂದಾ ಮಾತ್ರ ರಸ್ತೆಯ ಹೆಸರಲ್ಲಿ ಉಳಿದಿದೆ. ನಂದಾ ರೋಡ್ ಅಂತ ದಿನಾ ಹೇಳುವ ಹುಡುಗರಲ್ಲಿ ಅನೇಕರಿಗೆ ಅಲ್ಲಿ ಟಾಕೀಸು ಇದ್ದದ್ದು ಗೊತ್ತಿಲ್ಲ.

## ಮನೆ, ಬಾಡಿಗೆ, ನೆರೆಹೊರೆ

ಬಾಡಿಗೆಗೆ ಮನೆ ಹುಡುಕ್ತಿದ್ದೀನಿ. ಏನು ನೋಡಬೇಕು?

ಮೊಬೈಲಿನಲ್ಲಿ ಹುಡುಕಿ, ಬೇಡ ಅನ್ನಲ್ಲ. ಆದರೆ ಬೆಳಿಗ್ಗೆ ಒಂದು ರೌಂಡ್ ನಡೆದು ಗೇಟಿಗೆ ನೇತು ಹಾಕಿದ 'ಟು ಲೆಟ್' ಬೋರ್ಡುಗಳನ್ನೂ ನೋಡಿ. ಹಿಂದುಗಡೆಯ ಔಟ್‌ಹೌಸು, ಮಹಡಿ ಮೇಲಿನ ಪುಟ್ಟ ಮನೆ ಇಂಥವು ಇನ್ನೂ ಬಾಯಿಮಾತಲ್ಲೇ ಹೋಗುತ್ತವೆ. ಇಸ್ತ್ರಿ ಅಂಗಡಿಯವರನ್ನು, ಹಾಲಿನವರನ್ನು ಕೇಳಿ. ಯಾವ ಮನೆ ಯಾವಾಗ ಖಾಲಿ ಆಗುತ್ತೆ ಅಂತ ಅವರಿಗೆ ಓನರಿಗಿಂತ ಮೊದಲೇ ಗೊತ್ತಿರುತ್ತೆ.

ಹೋದಾಗ ಮೂರು ಕೇಳಿ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಸಂಪು ಎಷ್ಟು ದೊಡ್ಡದು. ಗಾಡಿ ಒಳಗೆ ನಿಲ್ಲುತ್ತಾ, ರಸ್ತೆಯಲ್ಲಾ. ಅಡ್ವಾನ್ಸ್ ಎಷ್ಟು ತಿಂಗಳದ್ದು, ಬಿಡುವಾಗ ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ. ಮೂರನೆಯದನ್ನು ಕರಾರು ಪತ್ರದಲ್ಲಿ ಬರೆಸಿ. ಓನರ್ ಆಂಟಿ ಎಷ್ಟೇ ಪ್ರೀತಿಯಿಂದ ಚಕ್ಕುಲಿ ಕೊಟ್ಟರೂ ಬರೆಸಿ.

ಜಯನಗರ ಬರೀ ಬ್ರಾಹ್ಮಣರ ಬಡಾವಣೆ ಅಲ್ವಾ?

ಅಲ್ಲ. ಆದರೆ ಆ ಮಾತು ಗಾಳಿಯಿಂದ ಬಂದಿದ್ದೂ ಅಲ್ಲ. ಸೈಟಿಗೆ ಅರ್ಜಿ ಹಾಕಿ ಕಂತು ಕಟ್ಟಲು ತಿಂಗಳ ಸಂಬಳದ ನೌಕರಿ ಬೇಕಿತ್ತು. ಆ ಕಾಲದಲ್ಲಿ ಸರ್ಕಾರಿ ಕಚೇರಿ, ಬ್ಯಾಂಕು, ವಿಮೆ, ಕಾಲೇಜುಗಳ ನೌಕರಿಯಲ್ಲಿ ಓದಿದ ಮೇಲ್ಜಾತಿಯವರೇ ಜಾಸ್ತಿ ಇದ್ದರು. ಹಾಗಾಗಿ ಕೆಲವು ಬ್ಲಾಕುಗಳಿಗೆ ಆ ಬಣ್ಣ ಬಂತು. ಮೂರನೇ ಬ್ಲಾಕ್ ಪೂರ್ವದ ಎಲ್ಐಸಿ ಕಾಲೊನಿಯ ಹೆಸರೇ ಹೇಳುತ್ತಲ್ಲ, ನೌಕರಿ ನೋಡಿಕೊಂಡು ನೆರೆಹೊರೆ ಆಯಿತು ಅಂತ.

ಅದರ ಜೊತೆಗೇ ಇಲ್ಲಿ ಭೈರಸಂದ್ರ, ಕನಕನಪಾಳ್ಯ, ಯಡಿಯೂರು, ಮಾರೇನಹಳ್ಳಿ ಇವೆ. ಬಡಾವಣೆಗಿಂತ ಮೊದಲಿನಿಂದ ಇದ್ದ ಹಳ್ಳಿಗಳು. ನೇರ ಕ್ರಾಸುಗಳು ಇದ್ದಕ್ಕಿದ್ದಂತೆ ಮುಗಿದು ಗಲ್ಲಿ ಸೊಟ್ಟಗಾಯಿತು, ಗ್ರಾಮದೇವತೆ ಗುಡಿ ಕಂಡಿತು ಅಂದರೆ ನೀವು ಹಳ್ಳಿಯೊಳಗೆ ಕಾಲಿಟ್ಟಿರಿ ಅಂತ. ತಿಲಕನಗರ, ಗುರಪ್ಪನಪಾಳ್ಯದಲ್ಲಿ ಮುಸಲ್ಮಾನರು ಹೆಚ್ಚು. ತಮಿಳು, ತೆಲುಗು, ಉರ್ದು, ಮಾರವಾಡಿ ಎಲ್ಲಾ ಮಾರ್ಕೆಟ್ಟಲ್ಲಿ ಕೇಳುತ್ತೆ. ಕೆಲವು ಗೇಟುಗಳಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ' ಬೋರ್ಡು ಈಗಲೂ ಇದೆ. ಬೆಳಿಗ್ಗೆ ಪಾರ್ಕಲ್ಲಿ ಜಾತ್ಯತೀತತೆ ಮಾತಾಡಿ ಮನೆಗೆ ಬಂದು ಆ ಬೋರ್ಡು ಹಾಕುವುದು ನನಗಂತೂ ಸರಿ ಕಾಣಲ್ಲ.

ಅಷ್ಟು ಚೆನ್ನಾಗಿದ್ದ ಹಳೇ ಮನೆಗಳನ್ನ ಯಾಕೆ ಕೆಡವ್ತಾರೆ?

ಮೊದಲು ಆ ಮನೆ ಹೇಗಿತ್ತು ಅಂತ ನೋಡಿ. ನಲವತ್ತು ಅರವತ್ತರ ಸೈಟು. ಮುಂದೆ ಮೋಟು ಕಾಂಪೌಂಡು, ನಂದಿಬಟ್ಟಲು, ದಾಸವಾಳ, ಒಂದು ತೆಂಗಿನ ಮರ. ವರಾಂಡಕ್ಕೆ ಗ್ರಿಲ್ಲು, ಒಳಗೆ ರೆಡ್ ಆಕ್ಸೈಡ್ ನೆಲ, ನಡುಮನೆ, ದೇವರ ಕೋಣೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ರಿಟೈರ್ ಆಗುವ ಹೊತ್ತಿಗೆ ಪಿಎಫ್ ದುಡ್ಡಲ್ಲಿ ಮಹಡಿ.

ಈಗ ಆ ಮನೆ ಕಟ್ಟಿಸಿದವರಿಗೆ ಎಂಬತ್ತು ದಾಟಿದೆ, ಇಲ್ಲವೇ ಅವರು ಇಲ್ಲ. ಮಕ್ಕಳು ಮೂವರು. ಒಬ್ಬ ಹೊರದೇಶದಲ್ಲಿ, ಒಬ್ಬಳು ವೈಟ್‌ಫೀಲ್ಡಲ್ಲಿ, ಒಬ್ಬ ಇಲ್ಲೇ. ಮನೆಯನ್ನು ಮೂರು ಪಾಲು ಮಾಡಲು ಆಗಲ್ಲ, ಜಾಗದ ಬೆಲೆ ಮಾತ್ರ ಕೋಟಿಗಟ್ಟಲೆ. ಆಗ ಬಿಲ್ಡರ್ ಬರುತ್ತಾನೆ. "ನೀವು ಜಾಗ ಕೊಡಿ, ನಾನು ದುಡ್ಡು ಹಾಕಿ ಕಟ್ಟುತ್ತೇನೆ, ಫ್ಲೋರು ಹಂಚಿಕೊಳ್ಳೋಣ" ಅನ್ನುತ್ತಾನೆ. ಕೆಳಗೆ ಪಾರ್ಕಿಂಗು, ಮೇಲೆ ಫ್ಲೋರಿಗೊಂದು ಮನೆ, ಲಿಫ್ಟು. ಮೂವರಿಗೂ ಪಾಲು ಸಿಕ್ಕಿತು, ಜಗಳ ಮುಗಿಯಿತು. ಮಂಡಿನೋವಿನ ಅಮ್ಮನಿಗೂ ಮೆಟ್ಟಿಲು ಹತ್ತುವ ಕಷ್ಟ ತಪ್ಪಿತು. ಇದನ್ನು ದುರಾಸೆ ಅಂತ ಬೈಯುವವರು ಹೆಚ್ಚಾಗಿ ಪಾಲು ಹಂಚುವ ಸಮಸ್ಯೆ ಇಲ್ಲದವರು. ನಷ್ಟ ಆಗೋದು ಬೇರೆ ಕಡೆ. ಒಂದು ಕುಟುಂಬದ ಜಾಗದಲ್ಲಿ ನಾಲ್ಕು ಕುಟುಂಬ, ಎಂಟು ಗಾಡಿ. ಚರಂಡಿ ಪೈಪು ಮತ್ತು ರಸ್ತೆ ಮಾತ್ರ ಹಳೇ ಅಳತೆಯವು. ಕಾಂಪೌಂಡಿನ ಮಣ್ಣಿಗೆಲ್ಲ ಸಿಮೆಂಟು ಬಿದ್ದ ಮೇಲೆ ಮಳೆನೀರು ರಸ್ತೆಗೇ ಬರಬೇಕು.

## ಇನ್ನೂ ಒಳಗೆ ಹೋದರೆ

ಸೈಟುಗಳನ್ನ ಯಾರಿಗೆ, ಹೇಗೆ ಕೊಟ್ಟರು? ಆ ಜಮೀನು ಯಾರದ್ದು?

ಜಮೀನು ಹಳ್ಳಿಯವರದು. ಸಿಐಟಿಬಿ ಅದನ್ನು ಸ್ವಾಧೀನ ಮಾಡಿಕೊಂಡು ಪರಿಹಾರ ಕೊಟ್ಟಿತು. ರಸ್ತೆ, ಚರಂಡಿ, ಪಾರ್ಕಿಗೆ ಜಾಗ ಬಿಟ್ಟು ಉಳಿದದ್ದನ್ನು ಸೈಟು ಮಾಡಿತು. ಸೈಟು ಸಿಕ್ಕವರಿಗೆ ತಕ್ಷಣ ಮಾರುವ ಹಕ್ಕಿರಲಿಲ್ಲ. ಮೊದಲು ಗುತ್ತಿಗೆಯ ಕರಾರು, ಮನೆ ಕಟ್ಟಬೇಕೆಂಬ ಷರತ್ತು, ಆಮೇಲೆ ಕ್ರಯಪತ್ರ. ಸೈಟು ಹಿಡಿದಿಟ್ಟುಕೊಂಡು ರೇಟು ಏರಿದಾಗ ಮಾರುವವರನ್ನು ತಡೆಯುವುದು ಇದರ ಉದ್ದೇಶ. ಅದಕ್ಕೇ ಇಲ್ಲಿ ಮೊದಲ ತಲೆಮಾರಿನವರು ನಿಜವಾಗಿ ಬಂದು ವಾಸ ಮಾಡಿದರು. ಜಯನಗರದ ನೆರೆಹೊರೆಗೆ ಬೇರು ಬಿಟ್ಟಿದ್ದು ಈ ಒಣ ಷರತ್ತಿನಿಂದ ಅಂತ ನನ್ನ ಅನಿಸಿಕೆ.

ಇನ್ನೊಂದು ಪಕ್ಕವನ್ನೂ ಹೇಳಬೇಕು. ಹೊಲದಲ್ಲಿ ರಾಗಿ, ತರಕಾರಿ ಬೆಳೆಯುತ್ತಿದ್ದವರಿಗೆ ಒಂದು ಸಲದ ಪರಿಹಾರ ಸಿಕ್ಕಿತು, ಅಷ್ಟೆ. ಅದೇ ಮಣ್ಣಿನ ಬೆಲೆ ಆಮೇಲೆ ಏರಿದ್ದೆಲ್ಲ ಸೈಟು ಸಿಕ್ಕವರಿಗೆ. 1976ರಲ್ಲಿ ಸಿಐಟಿಬಿ ಹೋಗಿ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಬಂತು, ಸೈಟು ಹಂಚುವ ದಾರಿ ಹೆಚ್ಚು ಕಮ್ಮಿ ಅದೇ ಉಳಿಯಿತು.

"ಏಷ್ಯಾದಲ್ಲೇ ದೊಡ್ಡ ಬಡಾವಣೆ" ಅಂತ ಓದಿದೆ. ಹೌದಾ?

ಹಾಗಂತ ಎಲ್ಲರೂ ಹೇಳುತ್ತಾರೆ. ಯಾವ ಅಳತೆಯಲ್ಲಿ, ಯಾರ ಜೊತೆ ಹೋಲಿಸಿ ಅಂತ ಯಾರೂ ಹೇಳಲ್ಲ. ರಾಜಾಜಿನಗರದವರೂ ಇದೇ ಮಾತು ಹೇಳಿಕೊಳ್ಳುತ್ತಾರೆ. ಇಬ್ಬರನ್ನೂ ಬಿಟ್ಟುಬಿಡಿ.

ಮೊದಲು ಎಷ್ಟು ಮರ ಇತ್ತು! ಮೆಟ್ರೋಗೆ ಕಡಿಯುವಾಗ ಯಾರೂ ಕೇಳಲಿಲ್ವಾ?

ಕೇಳಿದರು. 2009ರಲ್ಲಿ ನಂದಾ ರೋಡಿನ ಮರಗಳು ಮತ್ತು ಲಕ್ಷ್ಮಣರಾವ್ ಪಾರ್ಕಿಗಾಗಿ ದೊಡ್ಡ ಪ್ರತಿಭಟನೆಯೇ ನಡೆಯಿತು. ಹಸಿರು ಉಸಿರು ಬಳಗದವರು, ವಾಕಿಂಗಿಗೆ ಬರುವ ಹಿರಿಯರು, ಕಾಲೇಜು ಹುಡುಗರು ಬೀದಿಗಿಳಿದರು. ಮರ ಉಳಿಯಲಿಲ್ಲ. ರಸ್ತೆ ನಡುವೆ ಇದ್ದ ಉದ್ದನೆಯ ಪಾರ್ಕಿನ ಪಟ್ಟಿಯ ಮೇಲೆ ಈಗ ಕಂಬಗಳು ಸಾಲಾಗಿ ನಿಂತಿವೆ.

ಮೆಟ್ರೋ ಬೇಡವಿತ್ತು ಅಂತ ನಾನು ಹೇಳಲ್ಲ, ನಾನೂ ಅದರಲ್ಲೇ ಓಡಾಡುವವ. ಆದರೆ ಆಗ ಜನ ಕೇಳಿದ ಪ್ರಶ್ನೆ ಬರೀ ಮರದ್ದಲ್ಲ. ದಾರಿ ಎಲ್ಲಿ ಹೋಗಬೇಕು ಅನ್ನುವುದನ್ನು ಮುಂಚೆಯೇ ನಮ್ಮ ಮುಂದಿಟ್ಟು ಚರ್ಚಿಸಿ ಅಂತ ಕೇಳಿದ್ದರು. ಅದು ಆಗಲಿಲ್ಲ. ಒಳಗಿನ ಕ್ರಾಸುಗಳಲ್ಲಿ ಈಗಲೂ ಹೊಂಗೆ, ಆಕಾಶಮಲ್ಲಿಗೆ, ಗುಲ್‌ಮೊಹರ್, ಮಳೆಮರ ಇವೆ. ನಿಮ್ಮ ಮನೆ ಮುಂದಿನ ಮರವನ್ನಾದರೂ ಸರಿ, 1976ರ 'ಮರಗಳ ಸಂರಕ್ಷಣಾ ಕಾಯ್ದೆ' ಪ್ರಕಾರ ಒಪ್ಪಿಗೆ ಇಲ್ಲದೆ ಕಡಿಯುವಂತಿಲ್ಲ. ಕೊಂಬೆ ಕಡಿಸುತ್ತೇನೆ ಅಂತ ಹೇಳಿ ಬುಡದವರೆಗೆ ಹೋಗುವವರನ್ನು ಕಂಡರೆ ಅರಣ್ಯ ವಿಭಾಗಕ್ಕೆ ಫೋನ್ ಮಾಡಿ.

ಫುಟ್‌ಪಾತ್ ತುಂಬಾ ಅಂಗಡಿ. ನಡೆಯೋದು ಹೇಗೆ? ಎಲ್ಲಾ ತೆಗೆಸಬಾರದಾ?

ಈ ಪ್ರಶ್ನೆ ಕೇಳಿದವರೇ ಮರುದಿನ ಅದೇ ಫುಟ್‌ಪಾತಲ್ಲಿ ಬಳೆ, ನೈಟಿ, ಹೇರ್‌ಕ್ಲಿಪ್ಪು ಚೌಕಾಸಿ ಮಾಡುತ್ತಿರುತ್ತಾರೆ. ವ್ಯಾಪಾರಿಗಳನ್ನು ಎಬ್ಬಿಸುವುದು, ಅವರು ವಾಪಸ್ ಬರುವುದು ಇಲ್ಲಿ ಹಳೇ ಆಟ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಸ್ಪಷ್ಟವಾಗಿದೆ. ಮೊದಲು ಸಮೀಕ್ಷೆ, ಗುರುತಿನ ಚೀಟಿ, ಪಟ್ಟಣ ವ್ಯಾಪಾರ ಸಮಿತಿ, ಎಲ್ಲಿ ಕೂರಬಹುದು ಅನ್ನುವ ಜಾಗದ ನಿರ್ಧಾರ. ಅದೆಲ್ಲ ಆಗದೆ ಸುಮ್ನೆ ಎತ್ತಂಗಡಿ ಮಾಡುವಂತಿಲ್ಲ.

ಗಾಲಿಕುರ್ಚಿಯಲ್ಲಿ ಹೋಗುವವರು, ಕೋಲು ಹಿಡಿದ ಅಜ್ಜ ರಸ್ತೆಗಿಳಿಯಬೇಕಾಗಿ ಬಂದರೆ ಅದೂ ತಪ್ಪು. ಒಂದು ಬದಿ ವ್ಯಾಪಾರಕ್ಕೆ, ಒಂದು ಬದಿ ನಡೆಯುವವರಿಗೆ ಅಂತ ಗೆರೆ ಎಳೆದು ಕಾಪಾಡಿದರೆ ಅರ್ಧ ಜಗಳ ಮುಗಿಯುತ್ತೆ. ಇನ್ನರ್ಧ ಜಗಳ ಫುಟ್‌ಪಾತ್ ಮೇಲೆ ನಿಲ್ಲಿಸಿದ ಬೈಕುಗಳದ್ದು. ಅದರ ಬಗ್ಗೆ ಯಾಕೋ ಯಾರೂ ಪತ್ರ ಬರೆಯಲ್ಲ.

ನಾನು ಜಯನಗರದವನು, ಆದರೆ ಜಯನಗರ ಕ್ಷೇತ್ರದಲ್ಲಿ ನನ್ನ ವೋಟಿಲ್ಲ. ಇದ್ಯಾವ ನ್ಯಾಯ?

ಬಡಾವಣೆಯ ಗಡಿ ಒಂದು, ವಿಧಾನಸಭಾ ಕ್ಷೇತ್ರದ ಗಡಿ ಇನ್ನೊಂದು. ಪಟ್ಟಾಭಿರಾಮನಗರ, ಭೈರಸಂದ್ರ, ಗುರಪ್ಪನಪಾಳ್ಯ, ಜೆ.ಪಿ. ನಗರ, ಸಾರಕ್ಕಿ ಕಡೆಯವರು ಜಯನಗರ ಕ್ಷೇತ್ರಕ್ಕೆ ಬರುತ್ತಾರೆ. ತಮಾಷೆ ಅಂದರೆ, ಬಿಬಿಎಂಪಿ (ಹಳೇ ಮಹಾನಗರ ಪಾಲಿಕೆ) ಕಾಲದಲ್ಲಿ 'ಜಯನಗರ' ಅನ್ನುವ ಹೆಸರಿನ ವಾರ್ಡೇ ಚಿಕ್ಕಪೇಟೆ ಕ್ಷೇತ್ರದಲ್ಲಿತ್ತು. ಯಡಿಯೂರು ಪದ್ಮನಾಭನಗರಕ್ಕೆ.

ಇದು ಬರೀ ಕಾಗದದ ವಿಷಯ ಅಂದುಕೊಳ್ಳಬೇಡಿ. 2023ರ ಚುನಾವಣೆಯಲ್ಲಿ ಜಯನಗರ ಕ್ಷೇತ್ರದ ಫಲಿತಾಂಶ ಮರು ಎಣಿಕೆವರೆಗೂ ಹೋಗಿ, ಸಿ.ಕೆ. ರಾಮಮೂರ್ತಿ ಅವರು ಸೌಮ್ಯಾ ರೆಡ್ಡಿ ಅವರ ಎದುರು ಗೆದ್ದಿದ್ದು 16 ಮತಗಳಿಂದ. ಒಂದು ಅಪಾರ್ಟ್‌ಮೆಂಟಿನವರು ಮನೆಯಲ್ಲೇ ಕೂತಿದ್ದರೂ ಅಷ್ಟು ಮತ ಆಗುತ್ತೆ. 2025ರಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದಿರುವುದರಿಂದ ನಿಮ್ಮ ಹಳೇ ವಾರ್ಡ್ ನಂಬರ್ ನಂಬಿಕೊಂಡು ಕೂರಬೇಡಿ. ಮನೆ ಬದಲಾಯಿಸಿದ್ದರೆ ಮತದಾರರ ಪಟ್ಟಿಯಲ್ಲಿ ಹೆಸರು ಯಾವ ಭಾಗದಲ್ಲಿದೆ ಅಂತ ಚುನಾವಣೆ ಘೋಷಣೆ ಆಗುವ ಮುಂಚೆಯೇ ನೋಡಿಕೊಳ್ಳಿ. ಬ್ಲಾಕಿಂದ ಬ್ಲಾಕಿಗೆ ಹೋದರೂ ಕ್ಷೇತ್ರ ಬದಲಾಗಿರಬಹುದು.